ಮನೆಯಲ್ಲೇ ಡ್ರಮ್ ಕವರ್ ವಿಡಿಯೋ: ಎರಡು ಮೈಕ್, ಎರಡು ಫೋನ್, ಒಂದು ದಾರ

ಸ್ಟಿಕ್ ಸ್ನೇರ್ (ಮೊಣಕಾಲುಗಳ ನಡುವಿನ ಡ್ರಮ್) ಮೇಲೆ ಬಿದ್ದದ್ದು ಕಣ್ಣಿಗೆ ಕಾಣಬೇಕು. ಅದೇ ಕ್ಷಣಕ್ಕೆ ಆ ಪೆಟ್ಟು ಕಿವಿಗೆ ಕೇಳಬೇಕು. ಇರುವ ಹಾಡಿಗೆ ನಾವೇ ಡ್ರಮ್ಸ್ ನುಡಿಸುವ ಡ್ರಮ್ ಕವರ್ ವಿಡಿಯೋದ ಜೀವ ಇರುವುದು ಇಲ್ಲೇ. ಇದು ಒಂದು ಚೂರು ಹಿಂದೆಮುಂದೆ ಆದರೂ ನೋಡುವವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಏನು ಅಂತ ಹೇಳಲು ಅವರಿಗೆ ಬರುವುದಿಲ್ಲ, ಆದರೆ ಬೆರಳು ಮುಂದಿನ ವಿಡಿಯೋಗೆ ಹೋಗಿರುತ್ತದೆ.

ಹಾಗಾಗಿ ನನ್ನ ಪ್ರಕಾರ ಈ ಕೆಲಸದಲ್ಲಿ ಮೂರು ಜೋಡಿ ಕೂಡಿಬರಬೇಕು. ನೀವು ಮತ್ತು ಹಾಡು. ಒಂದು ಮೈಕ್ ಮತ್ತು ಇನ್ನೊಂದು ಮೈಕ್. ಸದ್ದು ಮತ್ತು ಚಿತ್ರ. ಈ ಮೂರೂ ಒಂದೇ ಹೊತ್ತಿಗೆ ಬಂದರೆ ಎರಡು ಮೈಕ್, ಎರಡು ಹಳೆಯ ಫೋನ್ ಇಟ್ಟುಕೊಂಡೇ ಚೆನ್ನಾಗಿರೋ ವಿಡಿಯೋ ಮಾಡಬಹುದು. ನಾನು ಮಾಡುವುದು ಮೈಸೂರಿನಲ್ಲಿ, ಮಹಡಿ ಮೇಲಿನ ಹತ್ತಡಿ-ಹನ್ನೊಂದಡಿ ಕೋಣೆಯಲ್ಲಿ. ಇಲ್ಲಿ ಹೇಳುತ್ತಿರುವುದೆಲ್ಲ ಅಂಥ ಕೋಣೆಗೆ ಹೊಂದುವ ಮಾತು.

ಮೊದಲು ನೆರೆಮನೆ, ಆಮೇಲೆ ನಿಮ್ಮ ಕಿವಿ

ಅಕೌಸ್ಟಿಕ್ ಕಿಟ್ (ಕರೆಂಟ್ ಬೇಡದ ಮಾಮೂಲಿ ಡ್ರಮ್ ಸೆಟ್) ನುಡಿಸುವವರ ಕಿವಿಯ ಹತ್ತಿರ ಸದ್ದು 100 ಡೆಸಿಬಲ್ ದಾಟುವುದು ಮಾಮೂಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮಿತಿ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಗೋಡೆ, ಕಿಟಕಿ ದಾಟಿ ಹೋಗುವಾಗ ಸದ್ದು ತಗ್ಗುತ್ತದೆ ನಿಜ. ಆದರೆ ಕಿಕ್‌ನ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಗುಮ್ ಗುಮ್ ನೆಲ ಹಿಡಿದು ಹೋಗುತ್ತದೆ, ಅದನ್ನು ಕಂಬಳಿ ತಡೆಯುವುದಿಲ್ಲ. ತಡೆಯುವುದು ಮಾತು. ಹಿಂದಿನ ದಿನವೇ ಪಕ್ಕದ ಮನೆಗೆ ಹೋಗಿ, ‘ಆಂಟಿ, ನಾಳೆ ಹನ್ನೊಂದರಿಂದ ಒಂದು ಗಂಟೆ ತನಕ ಡ್ರಮ್ಸ್ ನುಡಿಸ್ತೀನಿ, ಪಾಪು ಮಲಗೋ ಹೊತ್ತಲ್ಲ ತಾನೇ?’ ಅಂತ ಕೇಳಿ ಬನ್ನಿ. ಹೇಳಿದ ಹೊತ್ತಿಗೆ ಸರಿಯಾಗಿ ನಿಲ್ಲಿಸಿ. ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆ ನಡೆಯುವ ದಿನಗಳಲ್ಲಿ ನಾನು ಅಕೌಸ್ಟಿಕ್ ಕಿಟ್ ಮುಟ್ಟುವುದೇ ಇಲ್ಲ.

ಕಿವಿಯ ವಿಷಯ ಇನ್ನೂ ಮುಖ್ಯ. 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು ಅನ್ನುವುದು ಸಾಮಾನ್ಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದಾಗ ಉಳಿಯುವುದು 15 ನಿಮಿಷ. ಹತ್ತು ಟೇಕ್ ಮಾಡುವವರಿಗೆ ಇದು ಏನೇನೂ ಸಾಲದು. ಹೊರಗಿನ ಸದ್ದು ತಡೆಯುವ ಇನ್-ಇಯರ್ ಹಾಕಿ. ಇಲ್ಲವಾದರೆ ಮಾಮೂಲಿ ಇಯರ್‌ಫೋನ್ ಹಾಕಿ ಅದರ ಮೇಲೆ ಕಾರ್ಖಾನೆಗಳಲ್ಲಿ ಬಳಸುವ ಇಯರ್‌ಮಫ್ ಹಾಕಿಕೊಳ್ಳಿ. ಹೀಗೆ ಮಾಡಿದರೆ ಹಾಡನ್ನು ಜೋರಾಗಿ ಇಡಬೇಕಾದ ಗೋಜೇ ಇರುವುದಿಲ್ಲ.

ಒಂದು ಕಟ್ಟುನಿಟ್ಟು: ಬ್ಲೂಟೂತ್ ಬೇಡ. ಅದರಲ್ಲಿ ಹಾಡು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ತಡವಾಗಿ ಕೇಳುತ್ತದೆ. ತಂತಿ ಇರೋದೇ ಹಾಕಿ.

ಕೋಣೆ, ಕಿಟ್

ಕಿಟ್ಟನ್ನು ಕೋಣೆಯ ಸರಿ ನಡುವೆ ಇಡಬೇಡಿ, ಮೂಲೆಗೂ ತಳ್ಳಬೇಡಿ. ಕೆಳಗೆ ದಪ್ಪ ಜಮಖಾನ ಹಾಸಿ. ನಿಮ್ಮ ಬೆನ್ನ ಹಿಂದಿನ ಗೋಡೆಗೆ ಕೌದಿ ಅಥವಾ ರಜಾಯಿ ತೂಗುಹಾಕಿ. ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ತೂಗಿದರೆ ಇನ್ನೂ ಒಳ್ಳೆಯದು. ಹಾಸಿಗೆ ಇದ್ದರೆ ಒಂದು ಮೂಲೆಯಲ್ಲಿ ನಿಲ್ಲಿಸಿ. ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದಿಡಿ. ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ‘ಟ್ರಿಂಗ್’ ಅಂತ ಗೋಡೆಯಿಂದ ಗೋಡೆಗೆ ಪುಟಿಯುತ್ತಿದ್ದರೆ ಇನ್ನೊಂದು ಕಂಬಳಿ ಬೇಕು. ತಟ್ಟಿದ ಸದ್ದು ಅಲ್ಲೇ ಸತ್ತರೆ ಸಾಕು.

ಇನ್ನು ಟ್ಯೂನಿಂಗ್. ಮೈಕ್‌ಗೆ ದುಡ್ಡು ಹಾಕುವ ಮೊದಲು ಸ್ನೇರ್‌ಗೆ ಒಂದು ಹೊಸ ಹೆಡ್ (ಹೊಡೆತ ಬೀಳುವ ಹೊದಿಕೆ) ತನ್ನಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ತಗ್ಗು ಬಿದ್ದ ಹಳೆಯ ಹೆಡ್ಡಿನ ಸದ್ದನ್ನು ಯಾವ ಸಾಫ್ಟ್‌ವೇರೂ ಎತ್ತಿ ನಿಲ್ಲಿಸುವುದಿಲ್ಲ. ಡ್ರಮ್ ಕೀ ಹಿಡಿದು ಎದುರುಬದುರು ಲಗ್ಗುಗಳ (ಅಂಚಿನ ಹಿಡಿಕೆಗಳ) ತಿರುಪುಗಳನ್ನು ಕಾಲು ಸುತ್ತು, ಕಾಲು ಸುತ್ತು ಬಿಗಿ ಮಾಡುತ್ತಾ ಬನ್ನಿ. ಪ್ರತಿ ಲಗ್ಗಿನ ಹತ್ತಿರ, ಅಂಚಿನಿಂದ ಒಂದು ಇಂಚು ಒಳಗೆ ಸ್ಟಿಕ್ ತುದಿಯಿಂದ ಮೆಲ್ಲಗೆ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರಬೇಕು. ಸ್ನೇರ್ ‘ಕುಂಯ್’ ಅಂತ ಎಳೆದರೆ ಕರವಸ್ತ್ರ ಮಡಚಿ ಅಂಚಿಗೆ ಅಂಟಿಸಿ. ಕಿಕ್ ಒಳಗೆ ಒಂದು ದಿಂಬು, ಹೊಡೆತ ಬೀಳುವ ಹೆಡ್ಡಿಗೆ ಸ್ವಲ್ಪವೇ ತಾಗಿರಲಿ. ಪೆಡಲ್ ಕಿರುಗುಟ್ಟುತ್ತಿದ್ದರೆ ಈಗಲೇ ಒಂದು ತೊಟ್ಟು ಎಣ್ಣೆ ಬಿಡಿ. ಹಾಡಿನ ಮೆಲ್ಲನೆಯ ಜಾಗದಲ್ಲಿ ಆ ಕಿರುಕು ಎದ್ದು ಕೇಳುತ್ತದೆ.

ಹಾಡಿನಿಂದ ಡ್ರಮ್ಸ್ ತೆಗೆಯುವುದು

ಮೊಯ್ಸಸ್ ಆ್ಯಪ್, ಅಲ್ಟಿಮೇಟ್ ವೋಕಲ್ ರಿಮೂವರ್ ಥರದ ಸಾಫ್ಟ್‌ವೇರ್‌ಗಳು ಹಾಡನ್ನು ದನಿ, ಬೇಸ್, ಡ್ರಮ್ಸ್, ಉಳಿದದ್ದು ಅಂತ ಬಿಡಿಸಿ ಕೊಡುತ್ತವೆ. ಎಲ್ಲರೂ ಡ್ರಮ್ಸ್ ಟ್ರ್ಯಾಕನ್ನು ಪೂರ್ತಿ ಬಂದ್ ಮಾಡುತ್ತಾರೆ. ನಮ್ಮ ಸಿನಿಮಾ ಹಾಡಿಗೆ ಹಾಗೆ ಮಾಡಬೇಡಿ. ಈ ಸಾಫ್ಟ್‌ವೇರ್‌ಗೆ ತಬಲ, ಢೋಲಕ್, ತಮಟೆ ಎಲ್ಲವೂ ಬಹುಪಾಲು ಡ್ರಮ್ಸೇ. ಅವುಗಳನ್ನೂ ಸೇರಿಸಿ ಕಿತ್ತುಬಿಡುತ್ತದೆ. ಆಮೇಲೆ ಹಾಡು ಬೋಳುಬೋಳಾಗಿ, ಯಾರದೋ ಹಾಡಿನ ಥರ ಕೇಳುತ್ತದೆ. ಡ್ರಮ್ಸ್ ಟ್ರ್ಯಾಕನ್ನು 10ರಿಂದ 12 ಡೆಸಿಬಲ್ ಇಳಿಸಿ ಅಲ್ಲೇ ಬಿಡಿ. ತಮಟೆಯ ಏಟು ಹಿಂದೆ ಸಣ್ಣಗೆ ಕೇಳುತ್ತಿರಲಿ, ಅದರ ಮೇಲೆ ನಿಮ್ಮ ಕಿಟ್ ಕೂರಲಿ.

ಈಗಿನ ಹಾಡುಗಳು ಕ್ಲಿಕ್ (ತಾಳದ ವೇಗ ತೋರಿಸುವ ಟಿಕ್ ಟಿಕ್) ಹಾಕಿಕೊಂಡೇ ತಯಾರಾಗುವುದರಿಂದ ವೇಗ ಕಂಡುಹಿಡಿದು ಕ್ಲಿಕ್ ಸೇರಿಸುವುದು ಸುಲಭ. 6/8ರ (ಆರು ಎಣಿಕೆಯ) ಹಾಡಾದರೆ ಸಾಫ್ಟ್‌ವೇರಿನಲ್ಲಿ ಲೆಕ್ಕವನ್ನೂ 6/8ಕ್ಕೆ ಬದಲಿಸಿ. 4/4ರಲ್ಲೇ (ನಾಲ್ಕು ಎಣಿಕೆ) ಬಿಟ್ಟರೆ ಕ್ಲಿಕ್ ಒಂದು ದಾರಿ, ಹಾಡು ಒಂದು ದಾರಿ. ಆದರೆ 70ರ ದಶಕದ ಹಾಡು ಎತ್ತಿಕೊಂಡರೆ ಬೇರೆ ಕಥೆ. ವಾದ್ಯದವರೆಲ್ಲ ಒಟ್ಟಿಗೆ ಕೂತು ನುಡಿಸಿದ ಹಾಡು ಅದು. ಚರಣಕ್ಕೆ ಬರುವಾಗ ಸ್ವಲ್ಪ ಏರುತ್ತದೆ, ಪಲ್ಲವಿಗೆ ಬಂದಾಗ ಇಳಿಯುತ್ತದೆ. ಅದಕ್ಕೆ ಕ್ಲಿಕ್ ಹಾಕಲು ಹೋಗಬೇಡಿ. ಹಾಡಿನ ಮುಂಚೆ ನಾಲ್ಕು ಎಣಿಕೆಯ ಟಿಕ್ ಮಾತ್ರ ಸೇರಿಸಿ, ಉಳಿದಂತೆ ಕಿವಿಯನ್ನು ಹಾಡಿಗೇ ಕೊಡಿ. ಹತ್ತು ದಿನ ಬೇಕಾದರೂ ಸರಿ, ಅದರ ಉಸಿರು ಹಿಡಿದ ಮೇಲೇ ರೆಕಾರ್ಡ್ ಮಾಡಿ.

ಎರಡು ಮೈಕ್, ಒಂದು ದಾರ

ಪ್ರತಿ ಡ್ರಮ್ಮಿಗೂ ಒಂದೊಂದು ಮೈಕ್ ಇರಬೇಕು ಅನ್ನುವುದು ಹೊಸಬರ ದೊಡ್ಡ ತಪ್ಪುಕಲ್ಪನೆ. ಸಣ್ಣ ಕೋಣೆಯಲ್ಲಿ ಎಂಟು ಮೈಕ್ ಇಟ್ಟರೆ ಎಂಟೂ ಒಂದರದ್ದೊಂದು ಸದ್ದು ಕದಿಯುತ್ತವೆ. ಎರಡು ಕಂಡೆನ್ಸರ್ ಮೈಕ್, ಮೈಕನ್ನು ಕಂಪ್ಯೂಟರಿಗೆ ಸೇರಿಸುವ, ಆ ಮೈಕಿಗೆ ಬೇಕಾದ 48 ವೋಲ್ಟ್ ಕರೆಂಟ್ (ಫ್ಯಾಂಟಮ್ ಪವರ್) ಕೊಡುವ ಒಂದು ಇಂಟರ್‌ಫೇಸ್, ಇಷ್ಟರಿಂದ ಶುರು ಮಾಡಿ. ಕೈಯಲ್ಲಿ ಇನ್ನೂ ಸ್ವಲ್ಪ ದುಡ್ಡಿದ್ದರೆ ಬೆರಿಂಗರ್ ಯುಎಂಸಿ404ಎಚ್‌ಡಿ ಥರದ ನಾಲ್ಕು ಇನ್‌ಪುಟ್ಟಿನದು ತಗೊಳ್ಳಿ. ಮುಂದೆ ಕಿಕ್‌ಗೆ, ಸ್ನೇರ್‌ಗೆ ಜಾಗ ಇರುತ್ತದೆ.

ಈಗ ಎರಡು ಮೈಕನ್ನು ಎಲ್ಲಿ ಇಡುವುದು? ರೆಕಾರ್ಡಿಂಗ್ ಮಾಡುವವರ ನಡುವೆ ‘ರೆಕಾರ್ಡರ್‌ಮ್ಯಾನ್’ ಅಂತ ಹೆಸರಾದ ಒಂದು ವಿಧಾನ ಇದೆ. ಅಳತೆಗೆ ಟೇಪ್ ಬೇಡ, ಸ್ಟಿಕ್ ಸಾಕು. 5ಎ ಸ್ಟಿಕ್ ಸುಮಾರು 16 ಇಂಚು ಉದ್ದ. ಸ್ನೇರ್ ನಡುವೆ ಒಂದು ಸ್ಟಿಕ್ ನೆಟ್ಟಗೆ ನಿಲ್ಲಿಸಿ, ಅದರ ತಲೆ ಮೇಲೆ ಇನ್ನೊಂದು ಹಿಡಿಯಿರಿ. ಅದರ ತುದಿ ಮುಟ್ಟುವಲ್ಲಿ, ಅಂದರೆ 32 ಇಂಚು ಎತ್ತರದಲ್ಲಿ, ಮೊದಲ ಮೈಕ್. ಮುಖ ಸೀದಾ ಸ್ನೇರ್ ಕಡೆ. ಎರಡನೆಯದು ನಿಮ್ಮ ಬಲಭುಜದ ಮೇಲ್ಗಡೆ. ಅದರ ಮುಖವೂ ಸ್ನೇರ್ ಕಡೆಗೇ, ದೂರವೂ ಅದೇ ಎರಡು ಸ್ಟಿಕ್.

ಈಗ ದಾರ. ಹೂ ಕಟ್ಟುವ ದಾರವಾದರೂ ಆದೀತು. ಒಂದು ತುದಿಯನ್ನು ಸ್ನೇರ್ ನಡುವೆ ಟೇಪ್ ಹಾಕಿ ಅಂಟಿಸಿ. ಇನ್ನೊಂದು ತುದಿಯನ್ನು ಕಿಕ್ ಪೆಡಲಿನ ಬೀಟರ್ ಬಡಿಯುವ ಜಾಗಕ್ಕೆ ಅಂಟಿಸಿ. ನಡುವಿನ ದಾರವನ್ನು ಮೊದಲ ಮೈಕಿನ ಮೂತಿ ತನಕ ಎಳೆಯಿರಿ. ಎರಡೂ ಕಡೆ ಬಿಗಿಯಾಗಿ ತ್ರಿಕೋನ ಆಗಬೇಕು, ಉದ್ದ ಸಾಲದಿದ್ದರೆ ಅಥವಾ ಹೆಚ್ಚಾದರೆ ಒಂದು ತುದಿಯನ್ನು ಸರಿಹೊಂದಿಸಿ. ಮೈಕ್ ಮುಟ್ಟುವ ಜಾಗವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಿರಿ. ಹಿಡಿದ ಬೆರಳು ಬಿಡದೆ ದಾರವನ್ನು ಎರಡನೇ ಮೈಕ್ ಕಡೆ ತನ್ನಿ. ಬೆರಳು ಅದರ ಮೂತಿಗೆ ತಾಗುವಾಗ ದಾರದ ಎರಡೂ ಭಾಗ ಬಿಗಿಯಾಗಿದ್ದರೆ ಸರಿ. ಒಂದು ಕಡೆ ಜೋತುಬಿದ್ದರೆ ಮೈಕ್ ಸರಿಸಿ. ಒಬ್ಬರೇ ಮಾಡುವುದು ಕಷ್ಟ, ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ನನಗೆ ಸ್ಟ್ಯಾಂಡ್ ಸರಿಸಿ ಕೊಡುವವಳು ತಂಗಿ. ‘ಅಣ್ಣಾ, ಇನ್ನೂ ಜೋತಿದೆ’ ಅಂತ ಅವಳು ಮೂರು ಸಲ ಹೇಳಿದ ಮೇಲೇ ನಾಲ್ಕನೇ ಸಲಕ್ಕೆ ದಾರ ಬಿಗಿಯಾಗುವುದು.

ಇಷ್ಟೆಲ್ಲ ಯಾಕೆ ಅಂದರೆ, ಸದ್ದು ಗಾಳಿಯಲ್ಲಿ 34 ಸೆಂಟಿಮೀಟರ್ ಹೋಗಲು ಸುಮಾರು 1 ಮಿಲಿಸೆಕೆಂಡ್ ಬೇಕು. ಒಂದು ಮೈಕ್ ಸ್ನೇರ್‌ನಿಂದ ಅಷ್ಟೇ ದೂರ ಜಾಸ್ತಿ ಇದ್ದರೂ ಒಂದೇ ಪೆಟ್ಟು ಎರಡು ಸಲ, 1 ಮಿಲಿಸೆಕೆಂಡ್ ಅಂತರದಲ್ಲಿ ದಾಖಲಾಗುತ್ತದೆ. ಎರಡನ್ನೂ ಕೂಡಿಸಿದಾಗ 500 ಹರ್ಟ್ಸ್ ಸುತ್ತಲಿನ ಸದ್ದು ಒಂದನ್ನೊಂದು ಹೊಡೆದುಹಾಕುತ್ತದೆ. ಸ್ನೇರಿನ ಮೈ ಇರುವುದೇ ಆ ಸುತ್ತಮುತ್ತ. ಅದು ಹೋದರೆ ಉಳಿಯುವುದು ಖಾಲಿ ಡಬ್ಬ ಬಡಿದ ಸದ್ದು. ಆಮೇಲೆ ಎಷ್ಟು ಈಕ್ಯೂ (ದಪ್ಪ-ತೆಳು ಸದ್ದು ಏರಿಳಿಸುವ ಗುಂಡಿ) ತಿರುಗಿಸಿದರೂ ಅದು ಬರುವುದಿಲ್ಲ. ಐದು ನಿಮಿಷ ದಾರ ಹಿಡಿದರೆ ತಾನಾಗೇ ಬರುತ್ತದೆ.

ಮೂರನೇ ಮೈಕ್ ಸಿಕ್ಕರೆ ಕಿಕ್‌ಗೆ ಇಡಿ. ಶ್ಯೂರ್ ಬೀಟಾ 52ಎ, ಎಕೆಜಿ ಡಿ112 ಇದಕ್ಕೇ ಮಾಡಿದವು. ಇಟ್ಟ ಮೇಲೆ ಸಾಫ್ಟ್‌ವೇರಿನಲ್ಲಿ ಕಿಕ್ ಟ್ರ್ಯಾಕಿನ ಪೊಲಾರಿಟಿ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವ) ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಎದೆಗೆ ತಾಗುವ ಗುಮ್ಮು ಯಾವುದರಲ್ಲಿ ಜಾಸ್ತಿಯೋ ಅದೇ ಸರಿ. ನಾಲ್ಕನೆಯದು ಸ್ನೇರ್‌ಗೆ, ಎಸ್‌ಎಂ57. ಅಲ್ಲಿಗೆ ನಿಲ್ಲಿಸಿ.

ರೆಕಾರ್ಡಿಂಗ್ ಸಾಫ್ಟ್‌ವೇರ್ ಯಾವುದಾದರೂ ಆದೀತು. ರೀಪರ್ 60 ದಿನ ಬಳಸಿ ನೋಡಲು ಸಿಗುತ್ತದೆ, ಹಗುರವಾಗಿಯೂ ಇದೆ. 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಹಾಡಿನ ಫೈಲ್ 44.1ರಲ್ಲಿ ಇರುತ್ತದೆ, ವಿಡಿಯೋ 48ರಲ್ಲಿ. ಯಾವುದೋ ಸೆಟ್ಟಿಂಗ್ ತಪ್ಪಿ 44.1ರ ಹಾಡು 48ರ ವೇಗದಲ್ಲಿ ಓಡಿದರೆ ನಾಲ್ಕು ನಿಮಿಷದ ಹಾಡು ಸುಮಾರು 20 ಸೆಕೆಂಡ್ ಮೊದಲೇ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಹಾಗಾಗಿ ಪ್ರಾಜೆಕ್ಟ್ ತೆರೆದ ಕೂಡಲೇ ಇದನ್ನು ನೋಡಿಕೊಳ್ಳಿ.

ಗೇನ್ (ಮೈಕ್ ಸದ್ದು ಎಷ್ಟು ಜೋರಾಗಿ ದಾಖಲಾಗಬೇಕು ಅನ್ನುವ ಮಟ್ಟ) ಇಡುವಾಗ ಹಾಡಿನಲ್ಲಿ ಅತಿ ಜೋರಾಗಿ ಬಾರಿಸುವ ಜಾಗವನ್ನೇ ಬಾರಿಸಿ. ಮೀಟರ್ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಇರಲಿ. ನಿಜವಾದ ಟೇಕಿನಲ್ಲಿ ಮೈ ಬಿಸಿಯಾದ ಮೇಲೆ ಕೈ ಇನ್ನೂ ಜೋರಾಗಿ ಬೀಳುತ್ತದೆ, ಆ ಜಾಗ ಬಿಟ್ಟಿರಬೇಕು. ‘ಹುಂ’ ಅಂತ ಸಣ್ಣ ಗುಂಯ್‌ಗುಡುವಿಕೆ ಕೇಳಿದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಆಗಲೂ ಹೋಗದಿದ್ದರೆ ಆ ಸಾಕೆಟ್ಟಿನ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ.

ಎಲೆಕ್ಟ್ರಾನಿಕ್ ಕಿಟ್, ರಿದಮ್ ಪ್ಯಾಡ್ ಇರುವವರಿಗೆ

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದೇ ಒಳ್ಳೆಯ ದಾರಿ. ನಮ್ಮ ಆರ್ಕೆಸ್ಟ್ರಾಗಳಲ್ಲಿ ರೋಲ್ಯಾಂಡ್ ಆಕ್ಟಾಪ್ಯಾಡ್ ನುಡಿಸುವ ಎಷ್ಟೋ ಜನರ ಕೈಚಳಕ ಯಾವ ಕಿಟ್ ವಾದಕರಿಗೂ ಕಡಿಮೆಯಿಲ್ಲ. ಅವರು ಹೆಚ್ಚು ವಿಡಿಯೋ ಮಾಡಬೇಕು ಅಂತ ನನಗೆ ನಿಜಕ್ಕೂ ಆಸೆ. ಮಾಡ್ಯೂಲಿನ (ಸದ್ದು ಹುಟ್ಟಿಸುವ ಪೆಟ್ಟಿಗೆ) ಎಡ-ಬಲ ಎರಡೂ ಔಟ್‌ಪುಟ್ಟನ್ನು ಇಂಟರ್‌ಫೇಸಿನ ಲೈನ್ ಇನ್‌ಪುಟ್ಟಿಗೆ ಕೊಡಿ. ಯುಎಸ್‌ಬಿ ಇದ್ದರೆ ಮಿಡಿಯನ್ನೂ (ಯಾವ ಪ್ಯಾಡ್, ಯಾವಾಗ, ಎಷ್ಟು ಜೋರು ಅನ್ನುವ ಲೆಕ್ಕ) ಜೊತೆಗೇ ದಾಖಲಿಸಿ, ನಾಳೆ ಸ್ನೇರಿನ ಸದ್ದು ಬದಲಿಸಬೇಕೆನಿಸಿದರೆ ಅನುಕೂಲ. ರಬ್ಬರಿನ ಮೇಲೆ ಸ್ಟಿಕ್ ಬೀಳುವ ‘ಟಕ್ ಟಕ್’ ಕೆಳಗಿನ ಮನೆಗೆ ಕೇಳುತ್ತದೆ, ಪೆಡಲಿನ ಕೆಳಗೆ ದಪ್ಪ ಫೋಮ್ ಹಾಕುವುದನ್ನು ಮರೆಯಬೇಡಿ.

ಫೋನ್ ಎಲ್ಲಿ, ಬೆಳಕು ಎಲ್ಲಿ

ಒಂದು ಫೋನ್ ಹೈ-ಹ್ಯಾಟ್ (ಪೆಡಲಿನ ಜೋಡಿ ಸಿಂಬಲ್) ಪಕ್ಕದಿಂದ ಓರೆಯಾಗಿ, ನಿಮ್ಮ ಎದೆ ಮಟ್ಟದಲ್ಲಿ ಇರಲಿ. ಇದರಲ್ಲಿ ಮುಖ, ಎರಡೂ ಕೈ, ಸ್ನೇರ್ ಒಟ್ಟಿಗೆ ಕಾಣುತ್ತವೆ. ಇನ್ನೊಂದು ಮೇಲಿನಿಂದ. ಕಲಿಯುವ ಹುಡುಗರು ನೋಡುವುದು ಇದನ್ನೇ, ಯಾವ ಕೈ ಎಲ್ಲಿಗೆ ಹೋಯಿತು ಅಂತ. ಕರ್ಟನ್ ರಾಡಿಗೋ ಬಟ್ಟೆ ಒಣಹಾಕುವ ಪೈಪಿಗೋ ಕ್ಲಾಂಪ್ ಹಾಕಿ ಕಟ್ಟಬಹುದು. ಆದರೆ ಗಟ್ಟಿ ದಾರದಿಂದ ಇನ್ನೊಂದು ಕಟ್ಟು ಬಿಗಿಯಿರಿ. ಕ್ರ್ಯಾಶ್ ಹೊಡೆಯುವಾಗ ತಲೆ ಮೇಲೆ ಫೋನ್ ಬೀಳಬಾರದು, ಅಲ್ವಾ? ಮೂರನೆಯದು ಸಿಕ್ಕರೆ ಪಾದಕ್ಕೆ.

ಟ್ರೈಪಾಡ್ ಕಾಲು ಜಮಖಾನದ ಮೇಲೆ ಬೇಡ, ಕಿಕ್ ಹೊಡೆದಾಗಲೆಲ್ಲ ಚಿತ್ರ ಜೆಲ್ಲಿಯಂತೆ ಅಲುಗುತ್ತದೆ. ಮುಂಬದಿಯ ಸೆಲ್ಫಿ ಕ್ಯಾಮೆರಾವೂ ಬೇಡ. ಕೆಲವು ಫೋನುಗಳಲ್ಲಿ ಎಡ-ಬಲ ಅದಲುಬದಲಾಗಿ, ಬಲಗೈಯವರು ಎಡಚರಂತೆ ಕಾಣುತ್ತಾರೆ.

ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಬೆನ್ನ ಹಿಂದಿನಿಂದ ಬೇಡ. ಟ್ಯೂಬ್‌ಲೈಟ್, ಎಲ್‌ಇಡಿ ಬಳಸಿದರೆ ಒಂದು ವಿಷಯ ಗೊತ್ತಿರಲಿ: ನಮ್ಮಲ್ಲಿ ಕರೆಂಟ್ 50 ಹರ್ಟ್ಸ್. ಶಟರ್ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಚಿತ್ರದಲ್ಲಿ ಪಟ್ಟೆಪಟ್ಟೆಯಾಗಿ ಮಿನುಗುವುದು ಬಹುಪಾಲು ನಿಲ್ಲುತ್ತದೆ. ನಾನು 1/100 ಇಡುತ್ತೇನೆ, ಓಡುವ ಸ್ಟಿಕ್ ಕೂಡ ಚೊಕ್ಕವಾಗಿ ಕಾಣುತ್ತದೆ. ಫೋನಿನ ಕ್ಯಾಮೆರಾದಲ್ಲಿ ಇದಕ್ಕೆ ದಾರಿ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ. ಎಲ್ಲ ಫೋನಿನಲ್ಲೂ ಸೆಕೆಂಡಿಗೆ 25 ಫ್ರೇಮ್, ಫೋಕಸ್ ಲಾಕ್, ಎಕ್ಸ್‌ಪೋಷರ್ ಲಾಕ್, ವೈಟ್ ಬ್ಯಾಲೆನ್ಸ್ ಲಾಕ್, ಫ್ಲೈಟ್ ಮೋಡ್. 1080ಪಿ ಸಾಕು.

ಟೇಕ್

ಫ್ಯಾನ್ ಆಫ್ ಮಾಡಿ. ಅಡುಗೆಮನೆಯಲ್ಲಿ ಕುಕ್ಕರ್ ಇದೆಯಾ ಕೇಳಿ. ಮೊದಲು ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಒತ್ತಿ, ಆಮೇಲೆ ಫೋನುಗಳಲ್ಲಿ. ಎಲ್ಲ ಫೋನಿಗೂ ಕಾಣುವ ಹಾಗೆ ಸ್ಟಿಕ್ ಎತ್ತಿ, ಒಂದಕ್ಕೊಂದು ನಾಲ್ಕು ಸಲ ಬಡಿಯಿರಿ. ಹಾಡು ಮುಗಿದ ಮೇಲೆ ಕೊನೆಯ ಸಿಂಬಲ್ಲಿನ ನಾದ ಪೂರ್ತಿ ಆರುವ ತನಕ ಅಲುಗಬೇಡಿ. ಆರಿದ ಮೇಲೆ ಮತ್ತೆ ಒಮ್ಮೆ ಸ್ಟಿಕ್ ಬಡಿಯಿರಿ. ಈ ಕೊನೆಯ ಬಡಿತವನ್ನು ತುಂಬಾ ಜನ ಬಿಡುತ್ತಾರೆ. ಅದು ಯಾಕೆ ಬೇಕು ಅಂತ ಈಗ ಹೇಳುತ್ತೇನೆ.

ಇಡೀ ಹಾಡನ್ನು ಒಂದೇ ಉಸಿರಿಗೆ ನುಡಿಸಿ. ತುಂಡು ತುಂಡು ಮಾಡಿ ಅಂಟಿಸಿದರೆ ಸಿಂಬಲ್ಲಿನ ನಾದ ನಡುವೆ ಕತ್ತರಿಸಿದ್ದು ಗೊತ್ತಾಗುತ್ತದೆ. ಒಳ್ಳೆಯ ಸದ್ದಿಗೆ ಬೇರೆ ಟೇಕಿನ ಚಿತ್ರ ಸೇರಿಸುವುದನ್ನಂತೂ ದಯವಿಟ್ಟು ಮಾಡಬೇಡಿ. ನೋಡುವವರಿಗೆ ನಾವು ಕೊಡುವ ಮಾತೇ ‘ಇದನ್ನು ನಾನು ನುಡಿಸಿದೆ’ ಅಂತ. ಸಣ್ಣ ತಪ್ಪು ಉಳಿದರೂ ಪರವಾಗಿಲ್ಲ.

ಸದ್ದು, ಚಿತ್ರ ಕೂಡಿಸುವುದು

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಸದ್ದಿನ ಅಲೆ ನೋಡಿ ಅದೇ ಜೋಡಿಸಿಕೊಡುತ್ತದೆ. ಆದರೂ ಕಣ್ಣಲ್ಲಿ ಪರೀಕ್ಷಿಸಿ. ಸ್ಟಿಕ್ಕುಗಳು ತಾಗುವ ಫ್ರೇಮ್ ಹುಡುಕಿ, ಸದ್ದಿನ ಮೊನೆ ಅಲ್ಲೇ ಇರಬೇಕು. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಎರಡು ಫ್ರೇಮ್ ತಪ್ಪಿದರೆ ಡ್ರಮ್ಸ್ ಗೊತ್ತಿರುವವರು ಹಿಡಿದುಬಿಡುತ್ತಾರೆ.

ಈಗ ಕೊನೆಗೆ ಹೋಗಿ ಆ ಕೊನೆಯ ಬಡಿತ ನೋಡಿ. ಶುರುವಿನಲ್ಲಿ ಸರಿ ಇದ್ದು ಕೊನೆಯಲ್ಲಿ ಜಾರಿದ್ದರೆ ತಪ್ಪು ಫೋನಿನ ಫ್ರೇಮ್ ವೇಗದ್ದು. ಅನೇಕ ಫೋನುಗಳು 30 ಅಂತ ಹೇಳಿ ಒಮ್ಮೆ 29, ಒಮ್ಮೆ 30 ಹೀಗೆ ಏರಿಳಿಸುತ್ತಾ ಚಿತ್ರೀಕರಿಸುತ್ತವೆ. ಇದು ಗೊತ್ತಿಲ್ಲದ ಕಾಲದಲ್ಲಿ ಹಾಡಿನ ಕೊನೆಗೆ ನನ್ನ ಕೈಯೇ ಹಿಂದೆ ಬೀಳುತ್ತಿದೆ ಅಂದುಕೊಂಡು ಎರಡು ವಾರ ಬರೀ ಕ್ಲಿಕ್ ಹಾಕಿಕೊಂಡು ಸಾಧನೆ ಮಾಡಿದೆ. ಕೈ ಸರಿಯಾಗೇ ಇತ್ತು. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಫೈಲನ್ನು ಬದಲಿಸಿಕೊಂಡರೆ ಜಾರುವುದು ನಿಲ್ಲುತ್ತದೆ.

ಮಿಕ್ಸ್ ಬಗ್ಗೆ ಚುಟುಕಾಗಿ ಹೇಳುತ್ತೇನೆ, ದಾರ ಹಿಡಿದು ಮೈಕ್ ಇಟ್ಟಿದ್ದರೆ ಮಾಡಲು ಹೆಚ್ಚು ಇರುವುದಿಲ್ಲ. ಕಿಕ್‌ನಲ್ಲಿ 300-400 ಹರ್ಟ್ಸ್ ಸ್ವಲ್ಪ ಇಳಿಸಿ, 60-80ರಲ್ಲಿ ಸ್ವಲ್ಪ ಏರಿಸಿ. ಸ್ನೇರ್ ತೆಳು ಅನ್ನಿಸಿದರೆ 200ರಲ್ಲಿ ಏರಿಸಿ. ರಿವರ್ಬ್ (ಪ್ರತಿಧ್ವನಿ) ಕೇಳಿಯೂ ಕೇಳದಷ್ಟು ಇರಲಿ. ಮುಖ್ಯ ಕ್ಯಾಮೆರಾ ಎದುರಿನಿಂದ ಇದ್ದರೆ, ಬಲಗೈಯವರ ಹೈ-ಹ್ಯಾಟ್ ಚಿತ್ರದಲ್ಲಿ ಬಲಗಡೆ ಕಾಣುತ್ತದೆ. ಸದ್ದೂ ಬಲ ಕಿವಿಯಲ್ಲೇ ಬರುವಂತೆ ಮಾಡಿ. ಡ್ರಮ್ಸ್ ಹಾಡಿಗಿಂತ ಒಂದು ಹಿಡಿ ಮುಂದೆ ಇರಲಿ, ಆದರೆ ಹಾಡಿದವರ ಮಾತು ಮುಳುಗಬಾರದು. ಯೂಟ್ಯೂಬ್ ತುಂಬಾ ಜೋರಿರುವುದನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕೇಳುವ ಜೋರಿನ ಅಳತೆ) ಹತ್ತಿರಕ್ಕೆ ತಾನೇ ಇಳಿಸುತ್ತದೆ, ಸುಮ್ನೆ ಹಿಂಡಿ ಜೋರು ಮಾಡಿ ಪ್ರಯೋಜನವಿಲ್ಲ. ಮುಗಿದ ಮೇಲೆ ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಹೆಚ್ಚಿನವರು ಕೇಳುವುದು ಅದರಲ್ಲೇ.

ಹಾಕುವ ಮೊದಲು

ಹಾಡು ನಮ್ಮದಲ್ಲ, ಅದು ನೆನಪಿರಲಿ. ರಾಗ-ಸಾಹಿತ್ಯದ ಹಕ್ಕು ಒಂದು, ಆ ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಮೂಲ ಹಾಡಿನ ಮೇಲೇ ನುಡಿಸಿದರೆ ಎರಡನ್ನೂ ಬಳಸಿದಂತೆ. ಯೂಟ್ಯೂಬಿನ ಕಂಟೆಂಟ್ ಐಡಿ ಅದನ್ನು ಗುರುತು ಹಿಡಿಯುತ್ತದೆ. ಸಾಮಾನ್ಯವಾಗಿ ಬರುವುದು ಕ್ಲೇಮ್: ವಿಡಿಯೋ ಉಳಿಯುತ್ತದೆ, ಜಾಹೀರಾತಿನ ದುಡ್ಡು ಹಕ್ಕುದಾರರಿಗೆ ಹೋಗುತ್ತದೆ. ಕೆಲವೊಮ್ಮೆ ವಿಡಿಯೋ ಪೂರ್ತಿ ತಡೆಹಿಡಿಯಬಹುದು. ಕ್ಲೇಮ್ ಬೇರೆ, ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ಎಚ್ಚರಿಕೆ) ಬೇರೆ, ಕ್ಲೇಮ್ ಬಂತು ಅಂತ ಗಾಬರಿಯಾಗಬೇಡಿ. ಮೊದಲು ಪ್ರೈವೇಟ್ ಇಟ್ಟು ಅಪ್‌ಲೋಡ್ ಮಾಡಿ, ‘ಚೆಕ್ಸ್’ ಹಂತದಲ್ಲಿ ಏನು ಬರುತ್ತದೆ ನೋಡಿ, ಆಮೇಲೆ ತೆರೆಯಿರಿ. ವಿವರಣೆಯಲ್ಲಿ ಸಂಗೀತ ನಿರ್ದೇಶಕರು, ಸಾಹಿತಿ, ಗಾಯಕರು ಎಲ್ಲರ ಹೆಸರು ಬರೆಯಿರಿ. ಇದರಿಂದ ಹಕ್ಕು ಸಿಗುವುದಿಲ್ಲ, ಆದರೂ ಅದು ನಾವು ಸಲ್ಲಿಸಬೇಕಾದ ಗೌರವ.

ಕಿಟ್ ಬಿಚ್ಚುವ ಮೊದಲು ಇನ್ನೊಂದು ಕೆಲಸ ಉಳಿದಿದೆ. ಬಣ್ಣದ ಟೇಪ್ ತಗೊಂಡು ಜಮಖಾನದ ಮೇಲೆ ಪ್ರತಿ ಸ್ಟ್ಯಾಂಡಿನ ಕಾಲಿಗೂ ಗುರುತು ಹಾಕಿ. ಮೈಕ್ ಸ್ಟ್ಯಾಂಡಿನ ಎತ್ತರಕ್ಕೂ ಒಂದು ಸುತ್ತು ಟೇಪ್ ಹಾಕಿ. ದಾರದಲ್ಲಿ ಬೆರಳು ಹಿಡಿದ ಜಾಗಕ್ಕೆ ಒಂದು ಗಂಟು ಹಾಕಿ, ಡ್ರಮ್ ಕೀ ಜೊತೆ ಡಬ್ಬದಲ್ಲಿಡಿ. ಮುಂದಿನ ಭಾನುವಾರ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಜೋಡಿಸಿ ಕೂರಬಹುದು.